ಊರಿಗೆ ಬಂದ ಮೇಷ್ಟ್ರ ಆರು ತಿಂಗಳ ಲೆಕ್ಕ

ಖರ್ಚಿನ ನೋಟ್‌ಬುಕ್ಕು ಹಿಡಿದುಕೊಂಡು ಊರಿಗೆ ಬಂದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಮಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯವರಿಗೆ ಹೇಳಿಯೇ ಬರೆಯುತ್ತಿರುವುದು. "ಏನಾದರೂ ಬರಿ, ಅಂಕಿ ಮಾತ್ರ ತಪ್ಪು ಬರೀಬೇಡ" ಎಂದಿದ್ದಾರೆ.

ನಮ್ಮ ಮನೆಯವರು ಗಣಿತದ ಮೇಷ್ಟ್ರು. ಊರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತದೆ, ಇಲ್ಲಿ ನಾನೂ ಹಾಗೇ ಅನ್ನುತ್ತೇನೆ. ಮದುವೆಯಾದ ಮರುವರ್ಷ, ಎಪ್ಪತ್ತೆರಡರ ಜನವರಿಯಲ್ಲಿ, ಅವರಿಗೆ ಜಾಂಬಿಯಾದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ತಾಮ್ರದ ಗಣಿಯ ಊರು. ಒಂಬತ್ತು ವರ್ಷ ಅಲ್ಲಿದ್ದೆವು. ಕೆಟ್ಟ ಊರೇನಲ್ಲ, ಅಲ್ಲಿಯೂ ಮುದ್ದೆಯೇ ಊಟ, ಮುಸುಕಿನ ಜೋಳದ್ದು. ಆದರೆ ಒಂಬತ್ತು ವರ್ಷ ನಾನು ಕನ್ನಡ ಮಾತಾಡಿದ್ದು ಒಬ್ಬರೇ ಮನುಷ್ಯರ ಜೊತೆ, ಆ ಮನುಷ್ಯರೋ ಊಟ ಹೇಗಿದೆ ಎಂದರೆ ಹತ್ತಕ್ಕೆ ಆರು ಎನ್ನುವವರು. ಆರು ವರ್ಷದ ಮಗಳು ಅಜ್ಜಿ ಅಂದರೆ ಫೋಟೋ ಎಂದು ತಿಳಿದುಕೊಂಡಿದ್ದಳು. ನನಗೆ ಸಾಕಾಗಿತ್ತು.

ಎಂಬತ್ತರ ನವೆಂಬರ್ ಕೊನೆಗೆ ಊರಿಗೆ ಬಂದೆವು. ನಮ್ಮೂರು ತಾಳವಾಡಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಪಣಕಹಳ್ಳಿಯ ಕಡೆ. ಕನ್ನಡದ ಊರೇ, ಸರ್ಕಾರ ಮಾತ್ರ ತಮಿಳುನಾಡಿನದು. ಆದರೆ ಬಂದದ್ದು ಪೂರ್ತಿ ಬಂದದ್ದಲ್ಲ. ಅಲ್ಲಿನ ಹೆಡ್‌ಮಾಸ್ಟರು, "ನಿಮ್ಮ ಜಾಗವನ್ನು ಜೂನ್ ಕೊನೆಯವರೆಗೆ ಖಾಲಿ ಇಟ್ಟಿರುತ್ತೇನೆ, ಬರುವುದಾದರೆ ಅಷ್ಟರೊಳಗೆ ಬರೆಯಿರಿ" ಎಂದಿದ್ದರು. ಮೇಷ್ಟ್ರು ಅದಕ್ಕೊಂದು ನಿಯಮ ಮಾಡಿದರು. ಉಳಿಸಿದ ಹಣ ಬ್ಯಾಂಕಿನಲ್ಲಿದೆ, ಅದರ ಬಡ್ಡಿ ತಿಂಗಳಿಗೆ ನಾನೂರು ರೂಪಾಯಿ. ಡಿಸೆಂಬರಿನಿಂದ ಮೇ ತನಕ ಆರು ತಿಂಗಳು ಖರ್ಚು ಬರೆದು ನೋಡುವುದು. ನಾನೂರರೊಳಗೆ ಸಂಸಾರ ನಡೆದರೆ ಊರಲ್ಲೇ ಇರುವುದು, ಮೀರಿದರೆ ಮತ್ತೆ ಆಫ್ರಿಕಾ. ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ.

೧. ಭಾವನ ಬೆಲೆಪಟ್ಟಿ

ಬರುವ ಮೊದಲೇ ಮೇಷ್ಟ್ರು ಅಲ್ಲಿಂದ ತಮ್ಮ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ಊರಲ್ಲಿ ಯಾವ ಯಾವುದಕ್ಕೆ ಎಷ್ಟೆಷ್ಟು ಬೆಲೆ ಎಂದು ಕಾಗದ ಬರೆದು ಕೇಳಿದ್ದರು. ಭಾವ ಊರಲ್ಲೇ ಇದ್ದು ಬೇಸಾಯ ಮಾಡುವವರು, ನಮ್ಮ ಪಾಲಿನ ಹೊಲವನ್ನೂ ಅವರೇ ಉಳುತ್ತಿದ್ದರು. ಅವರ ಉತ್ತರ ಬಂತು. ಟೊಮೇಟೊ ಕೆ.ಜಿ.ಗೆ ಹದಿನೈದು ಪೈಸೆ. ಆಲೂಗಡ್ಡೆ ನಲವತ್ತು ಪೈಸೆ. ಎಲೆಕೋಸು ಇಪ್ಪತ್ತು ಪೈಸೆ, ಕೇಳುವವರಿಲ್ಲ. ಸೋಪು, ಕಾಫಿಪುಡಿ, ಎಣ್ಣೆ ಇವೆಲ್ಲ ನಿಮ್ಮತ್ತಿಗೆ ತರುವುದು, ನನಗೆ ಗೊತ್ತಿಲ್ಲ.

ಮೇಷ್ಟ್ರು ಅದನ್ನು ಓದಿ ಕುಣಿಯುವುದೊಂದು ಬಾಕಿ. "ಇಪ್ಪತ್ತು ಪೈಸೆಗೂ ಕೇಳುವವರಿಲ್ಲವಂತೆ, ಎಂಥ ಅಗ್ಗದ ಊರು ನೋಡು" ಎಂದರು. ತರಕಾರಿಗೆ ತಿಂಗಳಿಗೆ ಒಂಬತ್ತು ರೂಪಾಯಿ ಎಂದು ಅಲ್ಲಿಯೇ ಬರೆದುಕೊಂಡರು.

ಬಂದ ಮೊದಲ ವಾರ ತಾಳವಾಡಿ ಸಂತೆಗೆ ಹೋದೆವು. ತರಕಾರಿ ಮಾರುವ ಹೆಂಗಸು ಟೊಮೇಟೊ ಎಂಬತ್ತು ಪೈಸೆ ಎಂದಳು.

"ಹದಿನೈದಲ್ಲವಾ?" ಎಂದರು ಮೇಷ್ಟ್ರು.

"ಯಾರೇಳುದ್ದು ಸಾಮಿ?"

"ನಮ್ಮಣ್ಣ."

"ಅಂಗಾರ ನಿಮ್ಮಣ್ಣನ ತಾವೇ ತಕ್ಕೋಗಿ."

ಆಗ ನಮಗೆ ಅರ್ಥವಾಯಿತು. ಭಾವ ಜನ್ಮದಲ್ಲಿ ಒಂದು ದಿನವೂ ತರಕಾರಿ ಕೊಂಡವರಲ್ಲ. ಬೆಳೆದು ಮಂಡಿಗೆ ಹಾಕುವವರು. ಅವರು ಬರೆದು ಕಳಿಸಿದ್ದು ಅವರಿಗೆ ಸಿಗುವ ಬೆಲೆ. ಬೆಲೆ ಎಂದರೆ ಅವರಿಗೆ ಅದೊಂದೇ.

ಮೇಷ್ಟ್ರು ಬಿಡಲಿಲ್ಲ. ಸಂತೆಯಿಂದ ಬಂದವರೇ ಚೀಲ ಹಿಡಿದು ಭಾವನ ಮನೆಗೆ ಹೋಗಿ, ಎರಡು ಕೆ.ಜಿ. ಟೊಮೇಟೊಗೆ ಮೂವತ್ತು ಪೈಸೆ ಮುಂದಿಟ್ಟರು. ಭಾವನಿಗೆ ಸಿಟ್ಟು ಬಂತು.

"ಒಡುಟ್ದವನಿಗೆ ಟಮಾಟ ಮಾರ್ಲಾ ನಾನು? ಊರು ಏನಂದದು? ಒಂದು ಮಂಕರಿ ಒತ್ಕಂಡು ಓಗ್ಲಾ, ಕಾಸು ತಗೀಬ್ಯಾಡ."

"ಬಿಟ್ಟಿ ಬೇಡ ಅಣ್ಣ, ಲೆಕ್ಕ ಕೆಡ್ತದೆ."

ಅರ್ಧ ಗಂಟೆ ಜಗಳವಾಯಿತು. ಅಣ್ಣ ಮಾರಲಿಲ್ಲ, ತಮ್ಮ ಬಿಟ್ಟಿ ತೆಗೆದುಕೊಳ್ಳಲಿಲ್ಲ. ಆ ವಾರ ನಮ್ಮಿಬ್ಬರ ಮನೆಯ ಪೈಕಿ ಹೊಟ್ಟೆ ತುಂಬ ಟೊಮೇಟೊ ತಿಂದದ್ದು ಭಾವನ ಎಮ್ಮೆ.

೨. ಅರ್ಧ ತಲೆ

ನಮ್ಮೂರಲ್ಲಿ ಕ್ಷೌರದವರಿಗೆ ಯಾರೂ ಆಗಿಂದಾಗಲೇ ಕಾಸು ಕೊಡುವುದಿಲ್ಲ. ಅವರು ಮನೆಗೇ ಬಂದು ಜಗಲಿಯಲ್ಲಿ ಕೂರಿಸಿ ತಲೆ ಮಾಡಿ ಹೋಗುತ್ತಾರೆ. ಸುಗ್ಗಿಯಲ್ಲಿ ಕಣಕ್ಕೆ ಬಂದು ವರ್ಷದ್ದೆಲ್ಲ ಸೇರಿಸಿ ರಾಗಿ ಅಳೆಸಿಕೊಳ್ಳುತ್ತಾರೆ. ಮೇಷ್ಟ್ರಿಗೆ ಇದು ಗೊತ್ತಿಲ್ಲದೆ ಏನಲ್ಲ, ಆದರೆ ಒಂಬತ್ತು ವರ್ಷದಲ್ಲಿ ಮರೆತಿದ್ದರು. ನೋಟ್‌ಬುಕ್ಕಿನಲ್ಲಿ ಕ್ಷೌರಕ್ಕೆ ಒಂದೂವರೆ ರೂಪಾಯಿ ಎಂದು ಬರೆದಿತ್ತು.

ಬಂದವನು ಭಾವನಷ್ಟೇ ವಯಸ್ಸಿನವನು. ಎಡಗಡೆ ಮುಗಿಸಿ ಬಲಗಡೆಗೆ ತಿರುಗಿದ. ಮೇಷ್ಟ್ರು ಮರೆತುಹೋದೀತೆಂದು ಜೇಬಿನಿಂದ ಒಂದೂವರೆ ರೂಪಾಯಿ ತೆಗೆದು ಅವನ ಪೆಟ್ಟಿಗೆಯ ಮೇಲಿಟ್ಟರು. ಅವನು ಕತ್ತರಿ ನಿಲ್ಲಿಸಿದ.

"ಏನ್ ತೆಪ್ಪಾಯ್ತು ಮೇಷ್ಟ್ರೇ?"

"ತಪ್ಪೇನಿಲ್ಲಪ್ಪ. ನಿನ್ನ ಕೂಲಿ."

"ನಮ್ಮಪ್ಪ ನಿಮ್ಮಪ್ಪಂಗ ಮಾಡ್ದ. ನಾನು ನಿಮ್ಮಣ್ಣಂಗ ಮಾಡ್ತಾ ಇವ್ನಿ. ಯಾರೂ ಇಂಗೆ ಕಾಸು ಕೊಟ್ಟು ಲೆಕ್ಕ ತೀರಿಸ್ನಿಲ್ಲ. ನಾನು ಬ್ಯಾಡ ಅನ್ನಂಗಿದ್ರ ಬಾಯಲ್ಲೇ ಏಳ್ಬುಡಿ."

ಕಾಸು ಕೊಟ್ಟು ಕಳಿಸುವುದೆಂದರೆ ಇನ್ನು ಬರಬೇಡ ಎಂದ ಹಾಗೆ. ಅವನು ಪೆಟ್ಟಿಗೆ ಮುಚ್ಚಿ, ಕಾಸನ್ನು ಜಗಲಿಯ ಮೇಲೆ ಬಿಟ್ಟು, ನ್ಯಾಯ ಕೇಳಲು ನೇರ ಭಾವನ ಮನೆಗೆ ಹೋದ. ಭಾವ ಹೊಲಕ್ಕೆ ಹೋಗಿದ್ದರು. ಇವನು ಹೊಲಕ್ಕೇ ಹೋದ. ಭಾವ ಸಮಾಧಾನ ಮಾಡಿ, ವರ್ಷಕ್ಕೆ ಎರಡು ಕೊಳಗ ರಾಗಿ ತಮ್ಮನ ಪಾಲಿನದು ಸೇರಿಸಿ ಕೊಡುತ್ತೇನೆಂದು ಒಪ್ಪಿಸಿ, ವಾಪಸು ಕರೆತರುವಷ್ಟರಲ್ಲಿ ಸಂಜೆ ನಾಲ್ಕು ಗಂಟೆ.

ಅಲ್ಲಿಯವರೆಗೆ ಮೇಷ್ಟ್ರು ಹೆಗಲ ಮೇಲೆ ಬಟ್ಟೆ ಹೊದ್ದು ಜಗಲಿಯಲ್ಲೇ ಕೂತಿದ್ದರು. ಕೂದಲು ಮೈಮೇಲೆ ಇರುವಾಗ ಸ್ನಾನವಿಲ್ಲದೆ ಒಳಗೆ ಬರಬೇಡ ಎಂದು ನಮ್ಮ ಜೊತೆಯಲ್ಲೇ ಇದ್ದ ಅತ್ತೆ ಹೇಳಿಬಿಟ್ಟಿದ್ದರು. ಅರ್ಧ ತಲೆಗೆ ಸ್ನಾನ ಮಾಡುವುದು ಹೇಗೆ? ಬೀದಿಯಲ್ಲಿ ಹೋದವರೆಲ್ಲ ನಿಂತು ನೋಡಿದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಪಾಪ, ಮೇಷ್ಟ್ರ ಹತ್ತಿರ ಅರ್ಧ ತಲೆಗೆ ಆಗುವಷ್ಟೇ ಕಾಸಿತ್ತಂತೆ.

೩. ಕಾಲು ಕೆ.ಜಿ. ಕಾಫಿಪುಡಿ

ಕಾಫಿಪುಡಿ ತಿಂಗಳಿಗೆ ಕಾಲು ಕೆ.ಜಿ. ಎಂದು ಬರೆದಿತ್ತು. ಜಾಂಬಿಯಾದಲ್ಲಿ ಅಷ್ಟು ಸಾಕಾಗುತ್ತಿತ್ತು. ಅಲ್ಲಿ ಯಾರಾದರೂ ಮನೆಗೆ ಬರುವುದಿದ್ದರೆ ಮೊದಲು ಕೇಳಿಕೊಂಡು ಬರುತ್ತಾರೆ. ಇಲ್ಲಿ ಫಾರಿನ್ನಿನಿಂದ ಬಂದವರನ್ನು ನೋಡಲು ಊರೇ ಬಂತು. ಕಾಲು ಕೆ.ಜಿ. ನಾಲ್ಕು ದಿನಕ್ಕೆ ಮುಗಿಯಿತು.

ಮೇಷ್ಟ್ರು ಮತ್ತೊಂದು ಕಾಲು ಕೆ.ಜಿ. ತಂದು, ಇನ್ನು ಬಂದವರಿಗೆ ದಿನಕ್ಕೆ ಆರೇ ಲೋಟ ಎಂದರು. ಏಳನೆಯವರು ಬಂದರೆ? ಅದಕ್ಕೆ ದಾರಿ ಹೇಳಿದವರು ಅತ್ತೆ. ಏಳನೆಯವರಿಗೆ ಬೆಲ್ಲ ಕದಡಿದ ನೀರಿಗೆ ಒಂದು ಚಿಟಿಕೆ ಶುಂಠಿ. ಅದೂ ಒಳ್ಳೆಯದೇ, ಆದರೆ ಒಂದೇ ಜಗಲಿಯಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ಕಾಫಿ, ಇನ್ನೊಬ್ಬರಿಗೆ ಬೆಲ್ಲದ ನೀರು ಕೊಟ್ಟರೆ ಅವರು ಲೋಟಗಳನ್ನು ನೋಡಿಕೊಳ್ಳದೆ ಇರುತ್ತಾರೆಯೇ? ಎರಡು ದಿನದಲ್ಲಿ ಊರಿಗೆ ಆರು ಲೋಟದ ವಿಷಯ ಗೊತ್ತಾಯಿತು.

ಆಮೇಲೆ ಬರುವವರು ಬಾಗಿಲಲ್ಲೇ ನಿಂತು, "ಕೂಸೇ, ಇವತ್ತು ಎಷ್ಟಾಗದ?" ಎಂದು ಕೇಳುತ್ತಿದ್ದರು. ಐದು ಎಂದರೆ ಒಳಗೆ ಬರುವುದು, ಆರಾಯಿತು ಎಂದರೆ "ಇರ್ಲಿ ಬುಡವ್ವ, ನಾಳ ಬತ್ತೀನಿ" ಎಂದು ಹೋಗುವುದು. ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಜನರ ಶಿಸ್ತು ಕಂಡು ಬಹಳ ಸಂತೋಷವಾಗಿತ್ತು.

ಒಂದು ದಿನ ಊರ ಯಜಮಾನರು ಬಂದರು. ಎಪ್ಪತ್ತು ದಾಟಿದವರು, ಊರಿನ ನ್ಯಾಯ ಪಂಚಾಯಿತಿ ಎಲ್ಲ ಅವರದೇ. ಎಷ್ಟಾಯಿತು ಎಂದು ಕೇಳಲಿಲ್ಲ. ಜಗಲಿಯ ಮೇಲೆ ಕೂತು, ಟವಲಿನ ತುದಿಯ ಗಂಟು ಬಿಚ್ಚಿ, ಕಾಗದದ ಪೊಟ್ಟಣವೊಂದನ್ನು ನನ್ನ ಕೈಗೆ ಕೊಟ್ಟರು. "ನಂದು ಇದ್ರಲ್ಲಿ ಮಾಡವ್ವ, ನಿಮ್ದು ನಿಮ್ಗಿರ್ಲಿ" ಎಂದರು.

೪. ಸಕ್ಕರೆ ತಿನ್ನುತ್ತಿಲ್ಲವೆಂಬ ಪತ್ರ

ಆ ವರ್ಷ ಅಂಗಡಿಯಲ್ಲಿ ಸಕ್ಕರೆಯ ಬೆಲೆ ಕೇಳಿದರೆ ಬಾಯಿ ಕಹಿಯಾಗುತ್ತಿತ್ತು. ರೇಷನ್ನಿನಲ್ಲಿ ಅಗ್ಗ, ಆದರೆ ನಮಗೆ ಕಾರ್ಡಿಲ್ಲ. ಮೇಷ್ಟ್ರು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತರು ತಮಿಳಿನಲ್ಲಿ ವಿಚಾರಿಸಿದರು. ಇದುವರೆಗೆ ಎಲ್ಲಿದ್ದಿರಿ? ಜಾಂಬಿಯಾ. ಅಲ್ಲಿನ ಕಾರ್ಡಿನಿಂದ ಹೆಸರು ತೆಗೆಸಿದ ಚೀಟಿ ಎಲ್ಲಿ?

"ಅಲ್ಲಿ ಕಾರ್ಡೇ ಇಲ್ಲ" ಎಂದರು ಮೇಷ್ಟ್ರು.

"ಕಾರ್ಡಿಲ್ಲದೆ ಒಂಬತ್ತು ವರ್ಷ ಸಕ್ಕರೆ ಹೇಗೆ ತಿಂದಿರಿ?"

"ಅಂಗಡಿಯಲ್ಲಿ ಕೊಂಡು."

"ಅದನ್ನು ಬರೆಸಿಕೊಂಡು ಬನ್ನಿ. ಎರಡು ಕಡೆ ಸಕ್ಕರೆ ತೆಗೆದುಕೊಳ್ಳುವ ಹಾಗಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂಗಾಡಿ ಬರುತ್ತಿದ್ದರು. ಮೇಷ್ಟ್ರಿಗೆ ಗುಮಾಸ್ತರ ಮಾತು ನ್ಯಾಯ ಎನಿಸಿತು. ಜಾಂಬಿಯಾದ ಹೆಡ್‌ಮಾಸ್ಟರಿಗೆ ಏರ್‌ಮೇಲ್ ಹಾಕಿದರು. ನಮ್ಮೂರಿನ ಅಂಚೆಯವರು ಅದಕ್ಕೆ ಸ್ಟಾಂಪು ಅಂಟಿಸುತ್ತ, ಏನು ವಿಷಯ ಎಂದು ಕೇಳಿದರು. ಇವರು ಸಕ್ಕರೆ ವಿಷಯ ಎಂದರು, ಅಷ್ಟೇ.

ಆರು ವಾರಕ್ಕೆ ಉತ್ತರ ಬಂತು. ಹೆಡ್‌ಮಾಸ್ಟರು ಒಳ್ಳೆಯವರು, ಏನು ಎತ್ತ ಎಂದು ಕೇಳದೆ ಶಾಲೆಯ ಮುದ್ರೆ ಒತ್ತಿ ಬರೆದಿದ್ದರು. ಈ ಮೂಲಕ ದೃಢೀಕರಿಸುವುದೇನೆಂದರೆ ಸದರಿ ಶಿಕ್ಷಕರು, ಅವರ ಪತ್ನಿ ಮತ್ತು ಪುತ್ರಿ ಈ ದೇಶದಲ್ಲಿ ಈಗ ಸಕ್ಕರೆ ತಿನ್ನುತ್ತಿಲ್ಲ. ಗುಮಾಸ್ತರು ಅದನ್ನು ಎರಡು ಸಲ ಓದಿ, ಫೈಲಿಗೆ ಸೇರಿಸಿ, ಕಾರ್ಡು ಕೊಟ್ಟರು.

ಕಾರ್ಡಿನಿಂದ ಆ ತಿಂಗಳು ಉಳಿದದ್ದು ಒಂಬತ್ತು ರೂಪಾಯಿ. ಏರ್‌ಮೇಲು, ಬಸ್ಸು, ಸತ್ಯಮಂಗಲದಲ್ಲಿ ಎರಡು ಸಲ ಊಟ ಸೇರಿ ಖರ್ಚಾದದ್ದು ಇಪ್ಪತ್ತಾರು. ಮೇಷ್ಟ್ರು ಅದನ್ನು ಕೂಡ ಬೇಸರವಿಲ್ಲದೆ ಬರೆದುಕೊಂಡರು. ಊರಲ್ಲಿ ಮಾತ್ರ ಬೇರೆ ಲೆಕ್ಕ ನಡೆದಿತ್ತು. ಅಂಚೆಯವರ ಬಾಯಿಂದ ಹೊರಟ ಸುದ್ದಿ ನಮ್ಮ ಓರಗಿತ್ತಿಯವರೆಗೆ ಬರುವಷ್ಟರಲ್ಲಿ ಹೀಗಾಗಿತ್ತು: ಮೇಷ್ಟ್ರು ಒಂದಿಷ್ಟು ಸಕ್ಕರೆ ಕಳಿಸಿ ಎಂದು ಆಫ್ರಿಕಾದವರಿಗೆ ಬರೆದಿದ್ದಾರೆ, ಅವರೂ ಇಲ್ಲ ಎಂದುಬಿಟ್ಟರು.

೫. ಮೈಕಿನಲ್ಲಿ ಎರಡು ರೂಪಾಯಿ

ಮಾಘ ಬಂತು, ಮದುವೆಗಳು ಶುರುವಾದವು. ಮದುವೆಯಲ್ಲಿ ಮುಯ್ಯಿ ಮಾಡಬೇಕು. ನಮ್ಮ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದ್ದರೋ ಆ ಪುಸ್ತಕ ಅತ್ತೆಯ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಮೇಷ್ಟ್ರು ಅದನ್ನು ತೆಗೆದು ನೋಡಿದರು. ಪಕ್ಕದ ಬೀದಿಯ ಮನೆಯವರು ಎಪ್ಪತ್ತೊಂದರಲ್ಲಿ ನಮಗೆ ಎರಡು ರೂಪಾಯಿ ಹಾಕಿದ್ದರು. ಈಗ ಅವರ ಮಗಳ ಮದುವೆ.

"ಎರಡು ರೂಪಾಯಿ" ಎಂದು ಮೇಷ್ಟ್ರು ತೀರ್ಮಾನ ಹೇಳಿದರು.

ಅತ್ತೆ ಹೇಳಿದರು: "ಅಂಗಲ್ಲ ಕಣ್ಲಾ ಮಗಾ. ಅವರು ಮಾಡಿದ್ದು ಮಾಡಿ, ಅದ್ರ ಮ್ಯಾಲ ಒಂದಷ್ಟು ಸೇರಿಸ್ಬೇಕು. ಇಲ್ದಿದ್ರ ನಿಮ್ದೂ ನಮ್ದೂ ಆಯ್ತು ಅಂದಂಗ."

"ಆಯ್ತಲ್ಲ ಅವ್ವ. ಕೊಟ್ಟಿದ್ರು, ಕೊಟ್ಟೆವು, ಆಯ್ತು."

ನಾನು ಐದಾದರೂ ಹಾಕಿ ಎಂದೆ. ತಿಂಗಳಿಗೆ ಹನ್ನೊಂದು ಮದುವೆ ಇದೆ, ಐದರಂತೆ ಹಾಕಿದರೆ ಆಫ್ರಿಕಾಕ್ಕೆ ಹೊರಡಬೇಕಾಗುತ್ತದೆ ಎಂದರು. ನಾನು ಬಾಯಿ ಮುಚ್ಚಿಕೊಂಡೆ.

ಅವರು ಒಂಬತ್ತು ವರ್ಷ ಊರಲ್ಲಿರಲಿಲ್ಲವಲ್ಲ, ಅಷ್ಟರಲ್ಲಿ ಮದುವೆಮನೆಗೆ ಮೈಕ್‌ಸೆಟ್ಟು ಬಂದಿತ್ತು. ಮುಯ್ಯಿ ಬರೆದುಕೊಳ್ಳುವವರ ಪಕ್ಕದಲ್ಲಿ ಒಬ್ಬ ಕೂತು ಎಲ್ಲರ ಹೆಸರನ್ನೂ ಮೊತ್ತವನ್ನೂ ಕೂಗುತ್ತಾನೆ. ಇಂಥವರು ಹನ್ನೊಂದು ರೂಪಾಯಿ. ಇಂಥವರು ಇಪ್ಪತ್ತೊಂದು ರೂಪಾಯಿ, ಒಂದು ಕೊಳದಪ್ಪಲೆ ಪಾತ್ರೆ. ಮೇಷ್ಟ್ರು ಎರಡು ರೂಪಾಯಿ ಕೊಟ್ಟಾಗ ಅವನು ಮೈಕು ಕೈಯಲ್ಲಿ ಮುಚ್ಚಿಕೊಂಡು ಬಗ್ಗಿ ಕೇಳಿದ, "ಎರಡಾ, ಇಪ್ಪತ್ತೆರಡಾ ಮೇಷ್ಟ್ರೇ?" ಅವನಿಗೂ ಮರ್ಯಾದೆ ಉಳಿಸುವ ಮನಸ್ಸಿತ್ತು. ಮೇಷ್ಟ್ರು ತಾವೇ ಮೈಕಿನ ಹತ್ತಿರ ಬಾಯಿಟ್ಟು ಸ್ಪಷ್ಟವಾಗಿ ಹೇಳಿದರು, "ಎರಡು ರೂಪಾಯಿ. ಎಪ್ಪತ್ತೊಂದರ ಬಾಬ್ತು. ಲೆಕ್ಕ ಚುಕ್ತಾ."

ಹಾರ್ನು ಬೇವಿನ ಮರದ ತುದಿಯಲ್ಲಿ ಕಟ್ಟಿತ್ತು. ಪಕ್ಕದ ಮೂರು ಊರಿಗೂ ಕೇಳಿಸಿತು.

೬. ಹಿತ್ತಲ ಬಾಗಿಲು

ಆ ಮದುವೆಯಾದ ಮರುದಿನವೇ ಒಬ್ಬ ಹೆಂಗಸು ಹಿತ್ತಲ ಬಾಗಿಲಿಗೆ ಬಂದಳು. ಸೆರಗಿನ ಕೆಳಗೆ ಒಂದು ಕುಂಬಳಕಾಯಿ. "ಒಲದಲ್ಲಿ ಜಾಸ್ತಿ ಆಗಿತ್ತಕ್ಕ, ಇಟ್ಕ" ಎಂದು ಇಟ್ಟು, ನನ್ನ ಮುಖ ನೋಡದೆ ಹೋದಳು. ಮಾರನೆಯ ದಿನ ಅವರೆಕಾಯಿ ಬಂತು. ಆಮೇಲೆ ಬೆಣ್ಣೆ. ಆಮೇಲೆ ಹುರುಳಿ, ಆಲೂಗಡ್ಡೆ, ಒಂದು ಚೊಂಬು ಹಾಲು, ಮಗಳಿಗೆಂದು ಒಂದು ಲಂಗದ ಬಟ್ಟೆ. ಊರಿನವರು ನಾವು ಆಫ್ರಿಕಾದಲ್ಲಿ ಎಲ್ಲ ಕಳೆದುಕೊಂಡು ಬಂದಿದ್ದೇವೆಂದು ತಿಳಿದಿದ್ದಾರೆ ಎಂಬುದು ನನಗೆ ಆಗ ಗೊತ್ತಾಯಿತು.

ಆಗಲೇ ಇಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಡಿಸೆಂಬರಿನಲ್ಲಿ ಖರ್ಚು ನಾನೂರ ಎಪ್ಪತ್ತು, ಜನವರಿಯಲ್ಲಿ ನಾನೂರ ಅರವತ್ತಾಗಿತ್ತು. ಹೀಗೇ ಹೋದರೆ ಜೂನಿನಲ್ಲಿ ಪೆಟ್ಟಿಗೆ ಕಟ್ಟಬೇಕು. ಮಗಳು ಅಷ್ಟು ಹೊತ್ತಿಗೆ ಅಜ್ಜಿಯ ಪಕ್ಕ ಬಿಟ್ಟು ಮಲಗುತ್ತಿರಲಿಲ್ಲ. ನಾನು ಕುಂಬಳಕಾಯಿ ತೆಗೆದುಕೊಂಡೆ. ಅತ್ತೆ ನೋಡಿದರು, ಕೊಯ್ಯಲು ಈಳಿಗೆಮಣೆ ತಂದುಕೊಟ್ಟರು.

ಮೇಷ್ಟ್ರು ತರಕಾರಿ ಎಲ್ಲಿಂದ ಬಂತು ಎಂದರೆ ಸಂತೆಯಲ್ಲಿ ಅಗ್ಗವಾಗಿ ಸಿಕ್ಕಿತು ಎನ್ನುತ್ತಿದ್ದೆ. ಅವರು ಕೊಟ್ಟ ಕಾಸಿನಲ್ಲಿ ಮುಕ್ಕಾಲು ಪಾಲು ವಾಪಸು ಕೊಡುತ್ತಿದ್ದೆ. ಏಪ್ರಿಲ್ಲಿನ ಖರ್ಚು ಇನ್ನೂರ ಹನ್ನೆರಡಕ್ಕೆ ಇಳಿಯಿತು. ಅವರಿಗೆ ಹೆಂಡತಿಯ ಮೇಲೆ ಗೌರವ ಹುಟ್ಟಿದ್ದು ಆಗಲೇ ಇರಬೇಕು. ಹತ್ತಕ್ಕೆ ಒಂಬತ್ತು ಎಂದರು.

ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಒಂದು ದಿನ ಭಾವನನ್ನು ಕೂರಿಸಿಕೊಂಡು ಸಂಸಾರ ನಡೆಸುವುದು ಹೇಗೆ ಎಂದು ಪಾಠ ಹೇಳಿದರು. ತಿಂಗಳಿಗೆ ಇನ್ನೂರ ಹನ್ನೆರಡರಲ್ಲಿ ನಾಲ್ಕು ಜನ ಉಣ್ಣಬಹುದು, ಹೇಗೆ ಸಾಧ್ಯ ನೋಡು ಎಂದು ನೋಟ್‌ಬುಕ್ಕನ್ನೇ ತೆರೆದು ತೋರಿಸಿದರು. ಭಾವ ಒಂದೊಂದೇ ಸಾಲು ಓದಿದರು. ಕಣ್ಣು ಒರೆಸಿಕೊಂಡರು. ಎದ್ದು ಹೋದರು.

"ಅಣ್ಣನಿಗೆ ಮನಸ್ಸಿಗೆ ನಾಟಿದೆ" ಎಂದರು ಮೇಷ್ಟ್ರು. ನಾಟಿತ್ತು. ಮರುದಿನ ಹಿತ್ತಲ ಬಾಗಿಲಿಗೆ ಭಾವನ ಮನೆಯಿಂದ ಎರಡು ಮೂಟೆ ಬಂತು.

೭. ತಟ್ಟೆ

ಜೂನ್ ಮೊದಲ ಸೋಮವಾರ. ಕಾಗದ ಜಾಂಬಿಯಾಕ್ಕೆ ತಲುಪಲು ಮೂರು ವಾರ ಬೇಕು, ಹೋಗುವುದೋ ಬಿಡುವುದೋ ಆ ವಾರ ಬರೆಯಲೇಬೇಕು. ಮೇಷ್ಟ್ರು ಆರು ತಿಂಗಳ ಮೊತ್ತ ಕೂಡಿ ಆರರಿಂದ ಭಾಗಿಸಿದರು. ಸರಾಸರಿ ಮುನ್ನೂರ ಹತ್ತು. "ಇರಬಹುದು" ಎಂದರು. ಅವರ ಬಾಯಿಂದ ಆ ಒಂದು ಪದ ಕೇಳಲು ನಾನು ಆರು ತಿಂಗಳು ಕಾದಿದ್ದೆ. ಏರ್‌ಮೇಲ್ ತರಲು ಅವರು ಚಪ್ಪಲಿ ಮೆಟ್ಟಿದರು.

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗಂಡಸರಿಗೆಲ್ಲ ಬಿಡುವು. ಮೇಷ್ಟ್ರು ಬಾಗಿಲು ದಾಟುವಷ್ಟರಲ್ಲಿ ಜಗಲಿಯ ಮುಂದೆ ಇಪ್ಪತ್ತು ಜನ. ಮುಂದೆ ಯಜಮಾನರು, ಪಕ್ಕದಲ್ಲಿ ತಲೆ ತಗ್ಗಿಸಿದ ಭಾವ. ಯಜಮಾನರ ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಅದರ ಮೇಲೆ ನೋಟುಗಳು. ಒಂದು ರೂಪಾಯಿ, ಎರಡು ರೂಪಾಯಿ, ಐದು ರೂಪಾಯಿಯ ನೋಟುಗಳೇ ಹೆಚ್ಚು. ಒಂದು ದೊಡ್ಡ ಕಂತೆ ಭಾವ ಹೋರಿಕರು ಮಾರಿದ್ದು ಎಂದು ಆಮೇಲೆ ಗೊತ್ತಾಯಿತು.

ಯಜಮಾನರು ತಟ್ಟೆಯನ್ನು ಮೇಷ್ಟ್ರ ಮುಂದಿಟ್ಟರು.

"ನೋಡಪ್ಪ. ಈ ಊರ್ಲಿ ಉಟ್ಟಿ ಫಾರಿನ್ನಿಗ ಓದವನು ನೀನೊಬ್ಬನೇ. ಅಲ್ಲಿ ಏನು ಕಳ್ಕಂಡಿಯೋ, ಯಾರು ಮೋಸ ಮಾಡಿದ್ರೋ, ನಾವು ಕೇಳಾದಿಲ್ಲ. ನೀನು ಇಂಗೆ ಸೊರಗಾದ ನೋಡಕಾಗದು. ಸಾವಿರದ ನೂರಾ ಹದಿನಾಕು ರೂಪಾಯಿ ಅದ. ಟಿಕೇಟಿಗ ಸಾಲ್ದಿದ್ರ ಮೆಕ್ಕೆಜೋಳ ಮಾರಿ ಇನ್ನೊಂದಷ್ಟು ಕೂಡಸ್ತೀವಿ. ಮನಸ್ಸು ಗಟ್ಟಿ ಮಾಡ್ಕ. ಇನ್ನೊಂದು ದಪ ಆಫ್ರಿಕಾಕ್ಕೋಗಿ ದುಡ್ಕಂಡು ಬಾ."

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಊರು ಬಿಡಬಾರದೆಂದು ನಾನು ಮಾಡಿದ ಮೋಸವೇ ನಮ್ಮನ್ನು ಊರು ಬಿಡಿಸಲು ತಟ್ಟೆ ಹಿಡಿದು ಬಂದಿತ್ತು.

ಮೇಷ್ಟ್ರು ತಟ್ಟೆಯ ನೋಟುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ನಾನು ಕಳ್ಕೊಂಡೆ ಅಂತ ಯಾರು ಹೇಳಿದ್ದು?" ಎಂದರು. ಎಲ್ಲರೂ ಭಾವನ ಮುಖ ನೋಡಿದರು. ಭಾವ, "ನಿನ್ನ ಬುಕ್ಕಲ್ಲೇ ಓದ್ನಲ್ಲೋ. ಇನ್ನೂರ ಅನ್ನೆರಡು ರೂಪಾಯ್ಲಿ ನಾಕು ಜನ. ನಮ್ಮನೆ ಎಮ್ಮೆಗೂ ಅದ್ಕಿಂತ ಜಾಸ್ತಿ ಆಯ್ತದ ಕಣ್ಲಾ" ಎಂದರು.

ನಾನು ಒಳಗೆ ಹೋಗಿ ಬ್ಯಾಂಕಿನ ಡಿಪಾಸಿಟ್ ಚೀಟಿ ತಂದು ಯಜಮಾನರ ಕೈಗೆ ಕೊಟ್ಟೆ. ಅವರಿಗೆ ಓದು ಬಾರದು, ಭಾವನ ಕೈಗೆ ಕೊಟ್ಟರು. ಭಾವ ಬೆರಳಿಟ್ಟು ಸೊನ್ನೆ ಎಣಿಸಿ, "ನಲವತ್ತೆಂಟು ಸಾವಿರ" ಎಂದರು. ಆಮೇಲೆ ನಾನು ಎಲ್ಲ ಹೇಳಿದೆ. ಕುಂಬಳಕಾಯಿ, ಬೆಣ್ಣೆ, ಹುರುಳಿ, ಲಂಗದ ಬಟ್ಟೆ, ಒಂದೂ ಬಿಡಲಿಲ್ಲ. ವಾಪಸು ಹೋಗಲು ನನಗೆ ಇಷ್ಟವಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ ಎಂದು ಹೇಳುವಾಗ ಅಳು ಬಂತು.

ಯಾರೂ ಬೈಯಲಿಲ್ಲ. ಯಜಮಾನರು ತಟ್ಟೆಯನ್ನು ನೋಡಿದರು. ಎಲೆ ಅಡಿಕೆ ಇಟ್ಟು ಮುಂದಿಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಮೇಷ್ಟ್ರು ಮುಟ್ಟುವ ಹಾಗೂ ಇಲ್ಲ. ಕೊನೆಗೆ ತೀರ್ಪು ಕೊಟ್ಟರು.

"ಓರಿ ಕಾಸು ನಿಮ್ಮಣ್ಣಂಗ ಓಗ್ಲಿ. ಮಿಕ್ಕಿದ್ದು ಎಷ್ಟದ, ಅಷ್ಟೇ ನೀನೂ ಆಕು ಮೇಷ್ಟ್ರೇ. ಬರೋ ಸೋಮವಾರ ಊರಿಗ್ ಊಟ. ಪಾಯಸ ಇರ್ಲಿ. ಕಾಫಿನೂ ಇರ್ಲಿ, ಆದ್ರ ಅದ ಲೆಕ್ಕ ಮಾಡಾದು ನಾವು."

ಎಲ್ಲರೂ ನಕ್ಕು ಎದ್ದು ಹೋದರು. ಮೇಷ್ಟ್ರು ನಗಲಿಲ್ಲ. ನೋಟ್‌ಬುಕ್ಕು ತೆಗೆದು, ಆರು ತಿಂಗಳ ಹಾಳೆಗಳ ಮೇಲೂ ಮೂಲೆಯಿಂದ ಮೂಲೆಗೆ ಗೀಟು ಹಾಕಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಪೂರ್ತಿ ತಪ್ಪು ಲೆಕ್ಕ" ಎಂದರು. "ಮೊದಲಿಂದ ಆರು ತಿಂಗಳು ಬರೆದು ನೋಡಬೇಕು."

"ಹೆಡ್‌ಮಾಸ್ಟರು ಈ ತಿಂಗಳೇ ಉತ್ತರ ಕೇಳಿದ್ದಾರಲ್ಲ."

"ಕಾಯಕ್ಕಾಗದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳಲಿ. ಸರಿಯಾದ ಲೆಕ್ಕ ಸಿಗುವ ತನಕ ನಾನು ಊರು ಬಿಡುವುದಿಲ್ಲ."

ನಾನು ಅಡಿಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಬರುವುದಿಲ್ಲ ಎಂದು ಅವರು ಆ ದಿನವೇ ಬರೆದು ಅಂಚೆಗೆ ಹಾಕಿ ಬಂದರು.

ಬಂದು ಜಗಲಿಯಲ್ಲಿ ಕೂತರು. ಮನಸ್ಸಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಅಲ್ಲ ಅವ್ವ, ನನ್ನನ್ನು ಊರಿಂದ ಆಚೆ ಕಳಿಸಕ್ಕೆ ಊರೆಲ್ಲ ಸೇರಿ ಸಾವಿರದ ನೂರಾ ಹದಿನಾಲ್ಕು ರೂಪಾಯಿ ಎತ್ತಿದ್ರಲ್ಲ" ಎಂದರು.

ಅತ್ತೆ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಹೇಳಿದರು. "ನೀನು ಪುಣ್ಯವಂತ ಕಣ್ಲಾ ಮಗಾ. ನಿಮ್ಮಪ್ಪ ಅರವತ್ತು ವರ್ಸ ಈ ಊರ್ಲಿ ಒಬ್ರನ್ನೂ ಬುಡ್ದಂಗ ಜಗಳ ಆಡುದ್ರು. ಅವರ್ನ ಊರು ಬುಡ್ಸಕ್ಕ ಒಬ್ರೂ ನಾಕಾಣೆ ಬಿಚ್ನಿಲ್ಲ."